ಪೂಜೆಗಿಟ್ಟ ಪಂಪು

ತುಮಕೂರು
8-12-1946

ಮಧುರೆಯ ಅಪ್ಪಯ್ಯಣ್ಣನವರಿಗೆ ಆಂಜಿನಪ್ಪ ಮಾಡುವ ನಮಸ್ಕಾರ.

ಊರು ಬಿಟ್ಟ ಮೇಲೆ ತಮಗೆ ಬರೆಯಬಾರದು ಎಂದೇ ಇದ್ದೆ. ಗತಿಯಿಲ್ಲದೆ ಬರೆಯುತ್ತಿದ್ದೇನೆ.

ಇಲ್ಲಿ ಕೊಂಡಪ್ಪನವರ ಮೋಟಾರು ವರ್ಕ್‌ಷಾಪಿನಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಯುದ್ಧದ ಕಾಲದಲ್ಲಿ ಪಟಾಲಮ್ಮಿನ ಜೊತೆ ನಾಲ್ಕು ವರ್ಷ ಡೀಸೆಲ್ ಎಂಜಿನ್ನುಗಳ ಕೆಲಸ ಮಾಡಿದವನು ಎಂದದ್ದಕ್ಕೆ ಕೂಡಲೇ ಸೇರಿಸಿಕೊಂಡರು. ಮೂರು ವಾರ ಚೆನ್ನಾಗಿಯೇ ಇತ್ತು. ಆಮೇಲೆ ನೆಲಮಂಗಲದ ಕಡೆಯವರೊಬ್ಬರು ಲಾರಿ ರಿಪೇರಿಗೆ ಬಂದು ನನ್ನ ಗುರುತು ಹಿಡಿದರು. "ಇವ್ನು ಮಧುರೆ ಕಾರಿನ ಸಾಮಾನ್ ಮಾರ್ಕೊಂಡೋನಲ್ವಾ?" ಎಂದು ಕೊಂಡಪ್ಪನವರ ಎದುರಿಗೇ ಕೇಳಿದರು. ಅವತ್ತಿನಿಂದ ಸಂಜೆ ಮನೆಗೆ ಹೊರಡುವಾಗ ಗೇಟಿನಲ್ಲಿ ನನ್ನ ಬುತ್ತಿಯ ಬಟ್ಟೆ ಬಿಚ್ಚಿಸಿ ನೋಡುತ್ತಾರೆ. ಎಂಟು ಜನ ಕೆಲಸದವರಿದ್ದೇವೆ. ನನ್ನದೊಂದನ್ನೇ ನೋಡುವುದು.

ಕೊಂಡಪ್ಪನವರು ಕೆಟ್ಟವರಲ್ಲ. "ಹಳೇ ಯಜಮಾನ್ರ ಹತ್ರ ಒಂದ್ ಕಾಗ್ದ ತರ್ಸಪ್ಪ. ಇವ್ನ ಕೈ ಶುದ್ಧ ಅಂತ ಒಂದ್ ಮಾತ್ ಬರೀಲಿ. ಯುಗಾದಿವರ್ಗೂ ಕಾಯ್ತೀನಿ" ಎಂದಿದ್ದಾರೆ. ಆ ಒಂದು ಮಾತಿಗಾಗಿ ತಮಗೆ ಬರೆಯುತ್ತಿದ್ದೇನೆ.

ನಡೆದದ್ದು ತಮಗೆ ಗೊತ್ತೇ ಇದೆ. ಆದರೂ ನಾನು ಕಂಡಂತೆ ಬರೆದಿಡುತ್ತೇನೆ. ಯುದ್ಧ ಮುಗಿದ ಮೇಲಿನ ಡಿಸ್ಪೋಸಲ್ ಮಾರಾಟದಲ್ಲಿ ತಾವು ಕೊಂಡ ಮಿಲಿಟರಿ ಡೀಸೆಲ್ ಎಂಜಿನ್ನನ್ನು ತಮ್ಮ ಹಳೆಯ ದೊಡ್ಡ ಕಾರಿಗೆ ನಾನೇ ಕೂರಿಸಿದೆ. ಪೆಟ್ರೋಲು ಸಿಗದ ಕಾಲದಲ್ಲಿ ಮಧುರೆಗೂ ನೆಲಮಂಗಲಕ್ಕೂ ಎಂಟು ತಿಂಗಳು ಓಡಿತು. ಡೀಸೆಲ್ ಎಣ್ಣೆಯಲ್ಲಿ ನೀರು ಸೇರಿದ್ದರಿಂದ ಆಯುಧಪೂಜೆಯ ಹಿಂದಿನ ದಿನ ಎಂಜಿನ್ನಿಗೆ ಎಣ್ಣೆ ಹಾಯಿಸುವ ಪಂಪು ಬಿಚ್ಚಿ, ಒಳಗಿನ ನಾಲ್ಕು ಕಡ್ಡಿ ನಾಲ್ಕು ಕೊಳವೆಗಳನ್ನು ತೊಳೆದು, ಜೋಡಿ ಜೋಡಿಯಾಗಿ ನಾಲ್ಕು ಡಬ್ಬದ ಮುಚ್ಚಳಗಳಲ್ಲಿಟ್ಟು, ಎಣ್ಣೆ ಬಿಟ್ಟು, ಬಿಳಿ ಬಟ್ಟೆ ಮುಚ್ಚಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಹಬ್ಬಕ್ಕೆ ದಾಬಸ್‌ಪೇಟೆಗೆ ಹೋದೆ. ಬಂದು ಜೋಡಿಸಿದೆ. ಹಬ್ಬ ಕಳೆದ ಆರನೆಯ ದಿನ ಮದುವೆಯವರನ್ನು ಕೂರಿಸಿಕೊಂಡು ಹೋಗುವಾಗ ಅರಿಶಿನಕುಂಟೆಯ ಹತ್ತಿರ ಪಂಪಿನ ಕಡ್ಡಿ ಕಚ್ಚಿಕೊಂಡು, ಎಂಜಿನ್ನು ಹಿಡಿತಕ್ಕೆ ಸಿಗದೆ ಓಡಿ, ಒಳಗಿನ ರಾಡು ಮುರಿದು ಎಂಜಿನ್ನಿನ ಹೊಟ್ಟೆ ಒಡೆಯಿತು. ಒಳ್ಳೆಯ ಕಡ್ಡಿಗಳನ್ನು ಮಾರಿಕೊಂಡು ಸವೆದದ್ದನ್ನು ಹಾಕಿದ ಎಂದು ತಾವು ಮುತ್ಯಾಲಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿಸಿ, ಅದನ್ನು ಅಂಗೈಯಿಂದ ಆರಿಸಿ ಆಣೆ ಮಾಡು ಎಂದಿರಿ. ನಾನು ಮಾಡಲಿಲ್ಲ. ಆಣೆ ಮಾಡಲಿಲ್ಲ ಎಂಬುದಕ್ಕೆ ಊರು ಕಳ್ಳ ಎಂದಿತು.

ನಾನು ಮಾರಿಕೊಂಡಿಲ್ಲ. ಅಷ್ಟನ್ನು ಬರೆದುಕೊಡಿ.

ತಮ್ಮ ವಿಧೇಯ,
ಆಂಜಿನಪ್ಪ


ಮಧುರೆ
22-12-1946

ಆಂಜಿನಪ್ಪನಿಗೆ ಅಪ್ಪಯ್ಯಣ್ಣನ ಆಶೀರ್ವಾದ.

ಕಾಗದ ತಲುಪಿ ಹತ್ತು ದಿನವಾಯಿತು. ಹುರುಳಿ ಕೊಯ್ಲು, ರಾಗಿ ಕಣ, ಕೂಲಿಯವರ ತರಲೆ, ಪುರಸೊತ್ತಾಗಲಿಲ್ಲ. ತಾವು, ತಮಗೆ, ತಮ್ಮ ವಿಧೇಯ ಎಂದೆಲ್ಲ ಬರೆದಿದ್ದೀಯ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಬಳಪ ಕಿತ್ತುಕೊಂಡು ಓಡಿದವನು ನೀನು. ಇದೇನು ಹೊಸ ಭಾಷೆ ಕಲಿತೆ ತುಮಕೂರಿನಲ್ಲಿ?

ಕೇಳಿದ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ನೀನು ಡೀಸೆಲ್ ಎಂಜಿನ್ನಿನ ಕೆಲಸ ಬಲ್ಲವನು, ಕುಡಿಯುವವನಲ್ಲ, ಹೊತ್ತಿಗೆ ಸರಿಯಾಗಿ ಬರುವವನು ಎಂದು ಬರೆದಿದ್ದೇನೆ. ಕೈ ಶುದ್ಧ ಎಂದು ಬರೆಯಬೇಕಾದರೆ ನನ್ನ ಕಷ್ಟವನ್ನೂ ನೀನು ನೋಡಬೇಕು. ಕಾರಿನಲ್ಲಿ ನನ್ನ ಭಾವಮೈದುನ ಮುನಿವೆಂಕಟಪ್ಪನ ಪಾಲೂ ಇದೆ. ಪಂಪನ್ನು ಬೆಂಗಳೂರಿಗೆ ಒಯ್ದಾಗ ಅವನೂ ಜೊತೆಯಲ್ಲಿದ್ದ. ಅಂಗಡಿಯವನು ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಇದು ಸವೆದ ಮಾಲು. ಯಾರೋ ಒಳ್ಳೇದ್ ತೆಗ್ದು ಹಳೇದ್ ಹಾಕವ್ರೆ" ಎಂದದ್ದನ್ನು ಅವನು ತನ್ನ ಕಿವಿಯಾರೆ ಕೇಳಿದ್ದಾನೆ. ಈಗ ನಾನು ನಿನ್ನ ಕೈ ಶುದ್ಧ ಎಂದು ಬರೆದರೆ ಅವನು ನನ್ನ ಮುಖಕ್ಕೆ ಏನನ್ನುತ್ತಾನೆ?

ನೀನು ಅವತ್ತು ಕರ್ಪೂರ ಆರಿಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಕೈಗೆ ಬಟ್ಟೆ ಸುತ್ತಿಕೊಂಡು ಕಲ್ಲಿನ ಹಾಗೆ ನಿಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಜನ ಅಂದರೆ ಜನರದ್ದು ತಪ್ಪೇ?

ಇಲ್ಲಿ ನನ್ನ ಪಾಡು ಕೇಳು. ಪಂಪಿನ ಹೊಸ ಸಾಮಾನು ಬೊಂಬಾಯಿಯಿಂದ ಬರಬೇಕಂತೆ, ಅಲ್ಲಿಗೆ ಬಿಳಿಯರ ಸೀಮೆಯಿಂದ ಬರಬೇಕಂತೆ. ಪಂಪೊಂದಕ್ಕೆ ಹೇಳುವ ಬೆಲೆಯಲ್ಲಿ ಒಳ್ಳೆಯ ಜೊತೆ ಎತ್ತು ಕಟ್ಟಬಹುದು. ಎಂಜಿನ್ನಿನ ಒಡೆದ ಹೊಟ್ಟೆಯ ಮಾತು ಬೇರೆ. ಅದನ್ನು ಬೆಸೆಯಬಹುದು ಎಂದು ಒಬ್ಬ, ಗುಜರಿಗೆ ಹಾಕಿ ಎಂದು ಇನ್ನೊಬ್ಬ. ಕಾರು ಹುಣಸೇಮರದ ಕೆಳಗೆ ನಿಂತಿದೆ. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿವೆ. ಬೊಂಬಾಯಿಗೆ ಬರೆಯುವಾಗ ಏನೇನು ಕೇಳಬೇಕು ಎಂದು ಒಂದು ಚೀಟಿ ಬರೆದು ಕಳಿಸು.

ನಿನ್ನ ಹೆಂಡತಿ ಮುನಿರತ್ನಮ್ಮ ಚೆನ್ನಾಗಿದ್ದಾಳೆ. ನಮ್ಮ ಅಮ್ಮ ದಿನವೂ ಅವಳಿಗೆ ಮಜ್ಜಿಗೆ ಕಳಿಸುತ್ತಾಳೆ.

ಇತಿ,
ಅಪ್ಪಯ್ಯಣ್ಣ


ತುಮಕೂರು
9-1-1947

ಅಪ್ಪಯ್ಯಣ್ಣನವರಿಗೆ ನಮಸ್ಕಾರ.

ತಮ್ಮ ಕಾಗದವನ್ನು ಕೊಂಡಪ್ಪನವರಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಕೆಲ್ಸ ಬಲ್ಲ, ಕುಡಿಯಲ್ಲ. ಸರಿ. ನಾನ್ ಕೇಳಿದ್ದೆಲ್ಲೈತೆ?" ಎಂದರು. ಕಾಗದವನ್ನು ಮಡಚಿ ನನಗೇ ಕೊಟ್ಟರು. ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದ ಕಾಗದ ಇಲ್ಲದಿದ್ದರೇ ಚೆನ್ನಾಗಿತ್ತು.

ಬೊಂಬಾಯಿಗೆ ಬರೆಯಬೇಕಾದ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಪಂಪಿನ ಕಡ್ಡಿಯನ್ನು ಬಿಡಿಯಾಗಿ ಕೊಳ್ಳಬೇಡಿ. ಒಂದೊಂದು ಕಡ್ಡಿಯನ್ನೂ ಅದರದ್ದೇ ಕೊಳವೆಯೊಳಗೆ ಉಜ್ಜಿ ಉಜ್ಜಿ ಕೂರಿಸಿರುತ್ತಾರೆ. ನಾಲ್ಕೂ ಕಣ್ಣಿಗೆ ಒಂದೇ ಥರ ಕಂಡರೂ ಒಂದರ ಕಡ್ಡಿ ಇನ್ನೊಂದರ ಕೊಳವೆಗೆ ಆಗುವುದಿಲ್ಲ. ಕೂದಲೆಳೆಯಷ್ಟೂ ಜಾಗವಿರುವುದಿಲ್ಲ ಒಳಗೆ. ಬರಿಗೈಯಲ್ಲಿ ಕೂಡ ಮುಟ್ಟಬಾರದು, ಬೆವರಿಗೇ ಕಲೆ ಬೀಳುತ್ತದೆ. ಹೊಸದು ಬಂದ ಮೇಲೆ ಯಾರ ಕೈಲಿ ಜೋಡಿಸಿದರೂ ಇಷ್ಟನ್ನು ಹೇಳಿ.

ಅಮ್ಮ ಕಳಿಸುವ ಮಜ್ಜಿಗೆಯನ್ನು ಮುನಿರತ್ನ ಹಿಂದಕ್ಕೆ ಕಳಿಸುತ್ತಿದ್ದಾಳೆ ಎಂದು ಕೇಳಿದೆ. ತಪ್ಪು ತಿಳಿಯಬೇಡಿ. ಅವಳು ಬಾವಿಗೆ ಹೋದರೆ ಪಕ್ಕದ ಮನೆಯ ಲಕ್ಕಮ್ಮನವರು ತಾವು ನೀರು ಸೇದುವ ಹಗ್ಗವನ್ನು ಎತ್ತಿ ಬೇರೆ ಕಡೆ ಇಡುತ್ತಾರಂತೆ.

ತಮ್ಮ ವಿಧೇಯ,
ಆಂಜಿನಪ್ಪ


ಮಧುರೆ
4-2-1947

ಆಂಜಿನಪ್ಪ,

ಸಂಕ್ರಾಂತಿಯ ಎಳ್ಳು ಇದರಲ್ಲಿ ಸ್ವಲ್ಪ ಇಟ್ಟಿದ್ದೇನೆ. ಅಮ್ಮ ಇಡು ಎಂದಳು. ದಾರಿಯಲ್ಲಿ ಬೆಲ್ಲ ಕರಗಿ ಕಾಗದಕ್ಕೆ ಅಂಟಿಕೊಂಡರೆ ನನ್ನನ್ನು ಬೈಯಬೇಡ.

ಚೀಟಿ ನೋಡಿದೆ. ಜೋಡಿಯ ವಿಚಾರ ಬರೆದಿದ್ದೀಯಲ್ಲ, ಅದನ್ನು ಎಷ್ಟು ಸಲ ಓದಿದೆನೋ. ಬೆವರಿಗೇ ಕಲೆ ಬೀಳುತ್ತದೆ ಎಂದಿದ್ದೀಯ. ಇಷ್ಟು ನಾಜೂಕಿನ ಸಾಮಾನನ್ನು ನಮ್ಮಂಥ ಮಣ್ಣು ಕೆರೆಯುವವರ ಕೈಗೆ ಮಾರುತ್ತಾರಲ್ಲ, ಅವರಿಗೆ ಬುದ್ಧಿ ಬೇಡವೇ? ನೇಗಿಲನ್ನು ನೋಡು. ಯಾರ ನೇಗಿಲಿಗೆ ಯಾರ ಗುಳ ಹಾಕಿದರೂ ಉಳುತ್ತದೆ.

ಹೋದ ವಾರ ಹೆರಿಗೆಯವಳೊಬ್ಬಳನ್ನು ಎತ್ತಿನ ಗಾಡಿಯಲ್ಲಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಹೆತ್ತಳು. ತಾಯಿ ಮಗು ಕ್ಷೇಮ. ಗಾಡಿ ಹೋದದ್ದು ನಮ್ಮ ಮನೆಯ ಮುಂದೆಯೇ. ಅವಳ ಅತ್ತೆ ಹುಣಸೇಮರದ ಕೆಳಗಿನ ಕಾರನ್ನು ನೋಡಿ, "ಆಂಜಿನಪ್ಪ ಇದ್ದಿದ್ರೆ ಇಷ್ಟೊತ್ಗೆ ತಲ್ಪಿಸ್ಬಿಡ್ತಿದ್ದ" ಎಂದಳು. ಕಳ್ಳ ಎಂದು ಗುಡಿಯ ಮುಂದೆ ಕೂಗಿದವಳೂ ಅವಳೇ. ನಾನು ಜಗುಲಿಯಿಂದ ಎದ್ದು ಒಳಗೆ ಹೋದೆ.

ಇನ್ನೇನೋ ಬರೆಯಬೇಕೆಂದು ಕೂತಿದ್ದೆ. ಟಪಾಲಿನ ಹೊತ್ತಾಯಿತು.

ಅಪ್ಪಯ್ಯಣ್ಣ


ತುಮಕೂರು
23-2-1947

ಅಪ್ಪಯ್ಯಣ್ಣನವರಿಗೆ,

ಎಳ್ಳು ತಲುಪಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮೊನ್ನೆ ವರ್ಕ್‌ಷಾಪಿನಲ್ಲಿ ಒಂದು ಅಳತೆಯ ಸಾಮಾನು ಕಾಣೆಯಾಯಿತು. ಯಾರೂ ನನ್ನ ಹೆಸರು ಹೇಳಲಿಲ್ಲ. ಹೇಳುವುದಕ್ಕೆ ಮುಂಚೆಯೇ ಇಬ್ಬರು ನನ್ನ ಬಾಡಿಗೆ ಕೋಣೆಗೆ ಹೋಗಿ ಚಾಪೆ ಎತ್ತಿ, ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿ ನೋಡಿ ಬಂದರು. ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಸಂಜೆ ಆ ಸಾಮಾನು ಕೆಲಸದ ಮೇಜಿನ ಹಿಂದೆ ಬಿದ್ದಿದ್ದು ಸಿಕ್ಕಿತು. "ತಪ್ಪಾಯ್ತು ಕಣಯ್ಯ" ಎಂದು ಕೊಂಡಪ್ಪನವರು ಹೇಳಿದರು. ಆದರೆ ಮಾರನೆಯ ದಿನವೂ ಗೇಟಿನಲ್ಲಿ ಬುತ್ತಿ ಬಿಚ್ಚಿಸಿದರು.

ಯುಗಾದಿಗೆ ಇನ್ನು ಒಂದು ತಿಂಗಳು. ಆಮೇಲೆ ಇಲ್ಲಿಂದಲೂ ಹೊರಡಬೇಕಾಗುತ್ತದೆ. ಎಲ್ಲಿಗೆ ಹೋದರೂ ಇದು ನನ್ನ ಹಿಂದೆಯೇ ಬರುತ್ತದೆ. ನನಗೆ ಬರುವುದು ಇದೊಂದೇ ಕೆಲಸ, ಸಾಮಾನುಗಳ ನಡುವೆಯೇ ಇರಬೇಕಾದ ಕೆಲಸ.

ಇನ್ನು ತಮಗೆ ತೊಂದರೆ ಕೊಡುವುದಿಲ್ಲ.

ಆಂಜಿನಪ್ಪ


ಮಧುರೆ
7-3-1947

ಆಂಜಿನಪ್ಪ,

ನೀನು ಇದನ್ನು ಓದಿ ಏನಾದರೂ ಅನ್ನು. ನನಗೆ ನಾಚಿಕೆಯಾಗುತ್ತಿದೆ. ಆ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದವೂ ಹುರುಳಿ ರಾಗಿ ಎಂದು ಸುತ್ತಿ ಮುಗಿಯುತ್ತದೆ.

ಕಡ್ಡಿಗಳನ್ನು ನೀನು ಮಾರಲಿಲ್ಲ. ಅದು ನನಗೆ ಗುಡಿಯ ಮುಂದೆ ನಿಂತಾಗಲೇ ಗೊತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ನಾನು ಹೊಲದಿಂದ ಬರುವಷ್ಟರಲ್ಲಿ ಅಮ್ಮ ಕೊಡಲಿ, ಮಚ್ಚು, ನೇಗಿಲ ಗುಳ ಎಲ್ಲವನ್ನೂ ತೊಳೆದಿಟ್ಟಿದ್ದಳು. ಕಾರಿನ ಕೊಟ್ಟಿಗೆಗೂ ಹೋಗಿದ್ದಾಳೆ. ಬಿಳಿ ಬಟ್ಟೆ ಮುಚ್ಚಿದ್ದನ್ನು ಕಂಡು, ಆಂಜಿನಪ್ಪ ಪೂಜೆಗೇ ತೆಗೆದಿಟ್ಟಿದ್ದಾನೆ ಅಂದುಕೊಂಡಳಂತೆ. ಎಣ್ಣೆ ಮೆತ್ತಿಕೊಂಡಿದ್ದನ್ನು ದೇವರ ಮುಂದೆ ಇಡುವುದು ಹೇಗೆ? ಹುಣಸೆಹಣ್ಣು, ಒಲೆಯ ಬೂದಿ ಹಾಕಿ, ದೀಪದ ಕಂಬ ಬೆಳಗುವ ಹಾಗೆ ಎಂಟನ್ನೂ ತಿಕ್ಕಿ ತಿಕ್ಕಿ ಬೆಳಗಿದಳು. ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಇಟ್ಟಳು. ನಾನು ಬಂದಾಗ ಅವು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. "ನೋಡೋ, ನಿನ್ ಕಾರಿನ ಕರುಳು" ಎಂದಳು. ನಾನು ಸಂತೋಷಪಟ್ಟು ಅಡ್ಡಬಿದ್ದೆ.

ಮುಟ್ಟಬೇಡಿ ಎಂದು ನೀನು ಹೇಳಿದ್ದು ಆಮೇಲೆ ನೆನಪಾಯಿತು. ನೀನು ಬಂದು ಅಮ್ಮನ ಮೇಲೆ ರೇಗುತ್ತೀಯ ಎಂದು ಹೆದರಿದೆ. ಪೂಜೆ ಮುಗಿದ ಮೇಲೆ ಎಲ್ಲವನ್ನೂ ಪಂಚೆಯ ಸೆರಗಿನಲ್ಲಿ ಒರೆಸಿ, ಒಂದೊಂದು ಮುಚ್ಚಳಕ್ಕೆ ಒಂದು ಕಡ್ಡಿ ಒಂದು ಕೊಳವೆ ಹಾಕಿ, ಎಣ್ಣೆ ಬಿಟ್ಟು, ಅದೇ ಬಟ್ಟೆ ಮುಚ್ಚಿಟ್ಟೆ. ಯಾವುದಕ್ಕೆ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದೂ ಗೊತ್ತಿರಲಿಲ್ಲ.

ಬೆಂಗಳೂರಿನ ಅಂಗಡಿಯವನು ಸವೆದ ಮಾಲು ಎಂದು ಹೇಳಿದ್ದನ್ನು ನಿನಗೆ ಬರೆದೆ. ಅವನು ಇನ್ನೊಂದು ಮಾತನ್ನೂ ಹೇಳಿದ್ದ. "ಬೂದಿಲೋ ಮರಳಲ್ಲೋ ಉಜ್ಜಿದಂಗೈತೆ, ಜೋಡೀನೂ ತಪ್ಪೈತೆ" ಎಂದಿದ್ದ. ಆಗ ಮುನಿವೆಂಕಟಪ್ಪ ಬೀಡಿಗೆಂದು ಹೊರಗೆ ಹೋಗಿದ್ದ. ಅವನು ಒಳಗೆ ಬಂದ ಮೇಲೆ ಅಂಗಡಿಯವನು ಒಳ್ಳೆಯದು ತೆಗೆದು ಹಳೆಯದು ಹಾಕಿರಬೇಕು ಎಂದ. ಮುನಿವೆಂಕಟಪ್ಪ, "ಆಂಜಿನಪ್ಪನೇ, ಇನ್ಯಾರು" ಎಂದು ಹಾರಾಡಿದ. ನಾನು ಅಲ್ಲ ಎನ್ನಲಿಲ್ಲ. ಬಸ್ಸಿನಲ್ಲಿ ಕೂತು ಬರುವಾಗ ಹೇಳೋಣ, ಮನೆಗೆ ಹೋಗಿ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಊರಿಗೆ ಬರುವಷ್ಟರಲ್ಲಿ ಜಗುಲಿಯ ಮೇಲೆ ಹತ್ತು ಜನ ಕೂತಿದ್ದರು. ಅವರ ಮುಂದೆ ನಾನೂ ಕೂಗಾಡಿದೆ. ಎಲ್ಲರಿಗಿಂತ ಜೋರಾಗಿಯೇ ಕೂಗಾಡಿದೆ.

ಅರಿಶಿನಕುಂಟೆಯಲ್ಲಿ ಎಂಜಿನ್ನು ಹುಚ್ಚೆದ್ದಾಗ ನಾನು ಬಾಗಿಲು ತೆರೆದು ಹೊರಗೆ ನೆಗೆದೆ. ನೀನು ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಅದು ಗಾಳಿ ಸೇದುವ ಬಾಯಿಗೆ ನಿನ್ನ ರುಮಾಲು ತುರುಕಿ, ಅಂಗೈಯಿಂದ ಒತ್ತಿ ಹಿಡಿದೆ. ಕಾರಿನೊಳಗೆ ಏಳು ಜನರಿದ್ದರು. ಸುಟ್ಟ ಆ ಕೈಗೆ ಬಟ್ಟೆ ಸುತ್ತಿಕೊಂಡು ನೀನು ಗುಡಿಯ ಮುಂದೆ ನಿಂತಿದ್ದೆ. ಆ ಕೈಯಿಂದಲೇ ಕರ್ಪೂರ ಆರಿಸು ಎಂದವನು ನಾನು.

ಇನ್ನು ಒಂದು ಮಾತು. ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಅವಳು ಬೆಳಗಿದ್ದರಿಂದ ಎಂಜಿನ್ನು ಹಾಳಾಯಿತು ಎಂದು ಗೊತ್ತಾದರೆ ಈ ವಯಸ್ಸಿನಲ್ಲಿ ತಡೆಯಲಾರಳು. ಊರೂ ನಗುತ್ತದೆ. ಆದ್ದರಿಂದ ನಿನ್ನ ಕೈ ಶುದ್ಧ ಎಂದು ಕೊಂಡಪ್ಪನವರಿಗೆ ಗಟ್ಟಿಯಾಗಿ ಬರೆದುಕೊಡುತ್ತೇನೆ. ಬೂದಿ ಹುಣಸೆಹಣ್ಣಿನ ವಿಚಾರ ಮಾತ್ರ ನಮ್ಮಿಬ್ಬರಲ್ಲೇ ಇರಲಿ. ಒಪ್ಪಿಗೆ ಎಂದು ಒಂದು ಸಾಲು ಬರೆ, ಮಾರನೆಯ ಟಪಾಲಿಗೇ ಕಳಿಸುತ್ತೇನೆ.

ಅಪ್ಪಯ್ಯಣ್ಣ


ತುಮಕೂರು
15-3-1947

ಅಪ್ಪಯ್ಯಣ್ಣನವರಿಗೆ,

ತಾವು ಬರೆದದ್ದು ನನಗೆ ಹೊಸ ಸುದ್ದಿಯಲ್ಲ.

ಕಾರನ್ನು ಎತ್ತುಗಳಿಂದ ಎಳೆಸಿ ತಂದ ದಿನ ತಮ್ಮ ಕೊಟ್ಟಿಗೆಯಲ್ಲೇ ಪಂಪು ಬಿಚ್ಚಿದೆ. ಎರಡನೆಯ ಕಡ್ಡಿಯ ತೋಡಿನೊಳಗೆ ಎಣ್ಣೆಗೆ ನೆನೆದ ಕುಂಕುಮ ಕೂತಿತ್ತು. ಪಟಾಲಮ್ಮಿನಲ್ಲಿ ನಾನು ಪಂಪಿನೊಳಗೆ ಮರಳು ನೋಡಿದ್ದೇನೆ, ತುಕ್ಕು ನೋಡಿದ್ದೇನೆ. ಕುಂಕುಮ ನೋಡಿರಲಿಲ್ಲ. ಅದನ್ನು ಕಂಡ ಕೂಡಲೇ ಎಲ್ಲ ತಿಳಿಯಿತು. ಅಮ್ಮ ತೊಳೆದಿದ್ದಾಳೆ, ಯಾರೋ ತಿರುಗಿ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ಆ ಯಾರೋ ತಾವೇ ಎಂದೂ ಗೊತ್ತಾಯಿತು. ನನ್ನನ್ನು ಬಿಟ್ಟು ಆ ಮುಚ್ಚಳಗಳಿಗೆ ಎಣ್ಣೆ ಬಿಡಬೇಕೆಂದು ತಿಳಿದಿದ್ದವರು ತಾವೊಬ್ಬರೇ.

ಕರ್ಪೂರ ಆರಿಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು ಎಂದು ಬರೆದಿದ್ದಿರಿ. ನಾನು ಮಾಡಿಲ್ಲ ಎಂದು ಕರ್ಪೂರ ಆರಿಸಿದ್ದರೆ, ಮತ್ತೆ ಯಾರು ಮಾಡಿದ್ದು ಎಂದು ಜನ ಕೇಳುತ್ತಿದ್ದರು. ಅಮ್ಮ ಅಲ್ಲೇ ಮುಂದಿನ ಸಾಲಿನಲ್ಲಿ ನಿಂತಿದ್ದಳು. ನನ್ನ ತಾಯಿ ಸತ್ತ ವರ್ಷದಿಂದ ತಮ್ಮ ಮನೆಯ ಮುದ್ದೆ ತಿಂದು ಬೆಳೆದವನು ನಾನು. ಅವಳ ಹೆಸರು ನನ್ನ ಬಾಯಿಂದ ಬರಲಿಲ್ಲ. ತಾವು ಹೇಳುತ್ತೀರಿ ಎಂದು ಕಾದೆ. ಕರ್ಪೂರ ತಾನಾಗಿ ಉರಿದು ಮುಗಿಯುವವರೆಗೂ ತಮ್ಮ ಮುಖವನ್ನೇ ನೋಡುತ್ತಿದ್ದೆ.

ನನ್ನದೂ ತಪ್ಪಿದೆ, ಬರೆದುಬಿಡುತ್ತೇನೆ. ಹಬ್ಬದಿಂದ ಬಂದವನು ಆ ಸಾಮಾನನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಬೇಕಿತ್ತು. ಮದುವೆಯವರು ಕಾಯುತ್ತಿದ್ದಾರೆ ಎಂದು ತಾವು ಅವಸರಪಡಿಸಿದಿರಿ, ನಾನೂ ಮುಚ್ಚಿದ ಬಟ್ಟೆಯನ್ನು ನಂಬಿ ಹಾಗೇ ಕೂರಿಸಿದೆ. ಮಿಸ್ತ್ರಿಯಾದವನು ಹಾಗೆ ಮಾಡಬಾರದು. ಒಳಗಿದ್ದ ಏಳು ಜನರನ್ನು ನೆನೆದರೆ ನನಗೂ ತಲೆ ತಗ್ಗುತ್ತದೆ.

ತಮ್ಮ ಕರಾರಿಗೆ ನನ್ನ ಒಪ್ಪಿಗೆ ಇಲ್ಲ. ಅಮ್ಮನ ಹೆಸರನ್ನು ನಾನು ಎಂದೂ ಎತ್ತುವುದಿಲ್ಲ, ಅದಕ್ಕೆ ತಾವು ಬೆಲೆ ಕೊಡಬೇಕಾಗಿಲ್ಲ. ಆದರೆ ತಾವು ಅಮ್ಮನನ್ನು ಉಳಿಸುತ್ತಿದ್ದೇನೆ ಎನ್ನುವುದು ಸುಳ್ಳು. ಅವಳು ಪೂಜೆ ಮಾಡಿದಳು, ಅಷ್ಟೇ. ತಿರುಗಿ ಮುಚ್ಚಿಟ್ಟವರು ತಾವು. ಅವಳ ಸೆರಗಿನ ಹಿಂದೆ ನಿಂತಿರುವವರೂ ತಾವು.

ಯುಗಾದಿಗೆ ಒಂದು ವಾರವಿದೆ. ಮುನಿರತ್ನನನ್ನು ಕರೆದುಕೊಂಡು ಬರಲು ನಾನು ಮಧುರೆಗೆ ಬರುವುದಿಲ್ಲ. ದಾಬಸ್‌ಪೇಟೆಯ ಅವಳ ಅಣ್ಣ ಬಂದು ಕರೆದೊಯ್ಯುತ್ತಾನೆ.

ಆಂಜಿನಪ್ಪ


ಮಧುರೆ
20-3-1947

ಆಂಜಿನಪ್ಪ,

ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ. ಅಮ್ಮ, "ಏನೋ, ಯಾರ್ ಕಾಗ್ದ?" ಎಂದು ಕೇಳಿದಳು. ನಿನ್ನದು ಎಂದೆ. ಓದು ಎಂದಳು. ನಾನು ಹಾರಿಸಿ ಹಾರಿಸಿ ಓದಿದೆ. ಅವಳಿಗೆ ಅಕ್ಷರ ಬಾರದಿದ್ದರೂ ನನ್ನ ಗಂಟಲು ಗೊತ್ತು. "ಪೂರ್ತಿ ಓದ್ಲಾ" ಎಂದಳು. ಪೂರ್ತಿ ಓದಿದೆ. ನಾನು ನಿನಗೆ ಬರೆದದ್ದನ್ನೂ ಬಾಯಲ್ಲೇ ಹೇಳಿದೆ.

ಅಳುತ್ತಾಳೆ, ಎದೆ ಹಿಡಿದುಕೊಂಡು ಕೂರುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಬಕ್ಕೆ ಒರಗಿ ಕೂತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಂಗ್ ತಿಳೀದೆ ಬೆಳಗ್ದೆ. ತಿಳೀದೆ ಮಾಡಿದ್ದುಕ್ಕೆ ನಾಚ್ಕೆ ಯಾತಕ್ಕೆ? ನೀನ್ ತಿಳ್ದೂ ತಿಳ್ದೂ ಆ ಮಗೀನ ಗುಡಿ ಮುಂದೆ ನಿಲ್ಲಿಸ್ದಲ್ಲೋ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. "ನನ್ ಹೆಸ್ರು ಉಳ್ಸೋಕಂತೆ" ಎಂದು ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು ಎದ್ದು ಹೋದಳು. ಆವತ್ತಿನಿಂದ ನನಗೆ ಅವಳು ಮುದ್ದೆ ಬಡಿಸಿಲ್ಲ. ತಟ್ಟೆಗೆ ಹಾಕಿ ದೂರದಲ್ಲಿಟ್ಟು ಹೋಗುತ್ತಾಳೆ.

ಮಾರನೆಯ ದಿನ ಕೊಂಡಪ್ಪನವರಿಗೆ ಬರೆದೆ. ಕವರಿನಲ್ಲಿ ಬರೆಯಲಿಲ್ಲ, ಕಾರ್ಡಿನಲ್ಲಿ ಬರೆದೆ. ನಮ್ಮೂರ ಟಪಾಲು ನೋಡಿಕೊಳ್ಳುವ ನರಸಿಂಹಯ್ಯ ಮೇಷ್ಟ್ರು ಕಾರ್ಡೆಂದರೆ ಮೊದಲು ತಾವು ಓದಿ, ಆಮೇಲೆ ಮೊಹರು ಹೊಡೆಯುವವರು. ಅವರು ಓದಿದ್ದು ಸಂಜೆಯೊಳಗೆ ಬಾವಿಕಟ್ಟೆಗೆ ತಲುಪುತ್ತದೆ. ಗುಡಿಯ ಮುಂದೆ ನಿಂತು ಹೇಳುವಷ್ಟು ಗಂಡಸುತನ ನನಗಿನ್ನೂ ಬಂದಿರಲಿಲ್ಲ, ನಿಜ ಹೇಳುತ್ತೇನೆ. ಅದಕ್ಕೇ ಕಾರ್ಡು. ಒಂದರಲ್ಲಿ ಹಿಡಿಸಲಿಲ್ಲ, ಮೂರಾಯಿತು. ಒಂದು, ಎರಡು, ಮೂರು ಎಂದು ಮೂಲೆಯಲ್ಲಿ ಬರೆದು ಕೊಟ್ಟು ಬಂದೆ.

ಅರ್ಧ ಗಂಟೆಗೆ ಮೇಷ್ಟ್ರು ಮನೆಗೇ ಬಂದರು. ಮೂರು ಕಾರ್ಡೂ ಕೈಯಲ್ಲಿದ್ದವು. ಕೂರಿ ಎಂದರೆ ಕೂರಲಿಲ್ಲ. "ಅಪ್ಪಯ್ಯಣ್ಣ, ಟಪಾಲಿನ ಚೀಲ ಇನ್ನೂ ಕಟ್ಟಿಲ್ಲ. ಇವನ್ನ ನಿಮಗೇ ವಾಪಸ್ ಕೊಡಬಹುದು. ನಾನು ಓದಿಲ್ಲ ಅಂತ ಅಂದ್ಕೊಳ್ತೀನಿ" ಎಂದರು. ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ಗುಟ್ಟು ಉಳಿಸಿಕೊಡುತ್ತೇನೆ ಎಂದದ್ದು ಅದೇ ಮೊದಲು. ನನ್ನ ಕೈ ಮುಂದಕ್ಕೆ ಹೋಯಿತು, ಆಂಜಿನಪ್ಪ. ಸುಳ್ಳು ಹೇಳುವುದಿಲ್ಲ. ಕಾರ್ಡಿನ ಅಂಚನ್ನು ಬೆರಳು ಮುಟ್ಟಿತು ಕೂಡ. ಅಮ್ಮ ಒಳಬಾಗಿಲಲ್ಲಿ ನಿಂತಿದ್ದಳು. "ಹಾಕ್ಬಿಡಿ ಮೇಷ್ಟ್ರೇ" ಎಂದೆ.

ಸಂಜೆ ಮುನಿವೆಂಕಟಪ್ಪ ಬಂದು ಅಂಗಳದಲ್ಲೇ ನಿಂತು ಬಾಯಿಗೆ ಬಂದದ್ದೆಲ್ಲ ಅಂದ. ಕಾರಿನಲ್ಲಿ ತನ್ನ ಪಾಲು ತನಗೆ ಬೇಡ, ನಿನ್ನಂಥವನ ಜೊತೆ ಪಾಲು ಬೇಡ ಎಂದ. ಜನ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಗುಡಿಯ ಮುಂದೆ ನೀನು ತಲೆ ತಗ್ಗಿಸಿರಲಿಲ್ಲ ಎಂದು ಆಗ ನೆನಪಾಯಿತು.

ಲಕ್ಕಮ್ಮ ಮುನಿರತ್ನಮ್ಮನ ಬಾಗಿಲಿಗೆ ಹೋಗಿ ಮಾತಾಡಿಸಿದಳಂತೆ. ಮುನಿರತ್ನಮ್ಮ ಬಾಗಿಲು ತೆರೆಯಲಿಲ್ಲ.

ಊರಿಗೆ ಬಾ. ಎಂಜಿನ್ನನ್ನು ಬೇಕಾದರೆ ಗುಜರಿಗೆ ಹಾಕೋಣ, ಬೇಡವಾದರೆ ಬೊಂಬಾಯಿಯಿಂದ ತರಿಸಿ ಮೊದಲಿನಿಂದ ಕಟ್ಟೋಣ. ಕಾರಿನಲ್ಲಿ ಮುನಿವೆಂಕಟಪ್ಪನ ಪಾಲು ನಿನ್ನದಾಗಲಿ. ಗುಡಿಯ ಮುಂದೆ ನಿಂತು ಹೇಳು ಎಂದರೆ ಅದನ್ನೂ ಹೇಳುತ್ತೇನೆ. ಬಾ.

ಅಪ್ಪಯ್ಯಣ್ಣ


ತುಮಕೂರು
11-4-1947

ಅಪ್ಪಯ್ಯಣ್ಣನಿಗೆ ಆಂಜಿನಪ್ಪನ ನಮಸ್ಕಾರ.

ಮೂರು ಕಾರ್ಡುಗಳೂ ಯುಗಾದಿಗೆ ಮುಂಚೆಯೇ ತಲುಪಿದವು. ಎರಡನೆಯದು ಮೊದಲು ಬಂತು. ಕೊಂಡಪ್ಪನವರಿಗೆ ತಲೆಬುಡ ತಿಳಿಯದೆ ನನ್ನನ್ನೇ ಕೂಗಿದರು. ಮಿಕ್ಕವು ಬಂದ ಮೇಲೆ ಎಂಟು ಜನರನ್ನೂ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರು. ಬೂದಿ ಹುಣಸೆಹಣ್ಣಿನ ಮಾತು ಬಂದಾಗ ಇಬ್ಬರು ನಕ್ಕರು. 'ಇಷ್ಟು ಗೊತ್ತಿದ್ದೂ ನಾನು ಅವನನ್ನು ಕಳ್ಳನೆಂದೆ' ಎಂದು ನೀನು ಬರೆದ ಸಾಲು ಬಂದಾಗ ಯಾರೂ ನಗಲಿಲ್ಲ. ನಿಲ್ಲಿಸಿ ಎಂದು ನಾನು ಕೇಳಿಕೊಂಡೆ. ಅಷ್ಟು ದಿನ ಅವರ ಮುಂದೆ ನನ್ನ ಮಾನ ಹೋಗಿತ್ತು. ಈಗ ನಿನ್ನದು ಹೋಗುತ್ತಿತ್ತು. ಅದನ್ನು ಕೇಳುತ್ತಾ ಕೂರಲು ನನಗೆ ಆಗಲಿಲ್ಲ. ಆದರೂ ಪೂರ್ತಿ ಓದಿಸಿದರು.

ಈಗ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಸಾಮಾನಿನ ಕೋಣೆಯ ಬೀಗದ ಕೈಯನ್ನು ಕೊಂಡಪ್ಪನವರು ನನ್ನ ಹತ್ತಿರವೇ ಬಿಟ್ಟಿದ್ದಾರೆ. ಮುನಿರತ್ನ ಬಂದು ಸೇರಿದ್ದಾಳೆ. ಕೋಣೆ ಚಿಕ್ಕದು ಎಂದು ಬೈಯುತ್ತಾಳೆ, ಬಾವಿ ಹತ್ತಿರವಿದೆ ಎಂದು ಸಂತೋಷಪಡುತ್ತಾಳೆ.

ಅಮ್ಮನ ಮಾತನ್ನು ಓದಿ ನನಗೂ ಪೆಟ್ಟು ಬಿತ್ತು. ನಾವಿಬ್ಬರೂ ಸೇರಿ ಅವಳಿಗೆ ತಡೆಯಲಾಗದು ಎಂದು ತೀರ್ಮಾನ ಮಾಡಿಬಿಟ್ಟಿದ್ದೆವು. ಅವತ್ತೇ ಅವಳ ಮುಂದೆ ಆ ಕುಂಕುಮ ತೋರಿಸಿದ್ದರೆ, ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡು ಅವಳೇ ಗುಡಿಯ ಮುಂದೆ ಹೋಗಿ ಹೇಳಿಬಿಡುತ್ತಿದ್ದಳು. ನಿನಗೆ ಅವಳು ತಿರುಗಿ ಕೈಯಾರೆ ಬಡಿಸುವ ದಿನ ನನಗೆ ಒಂದು ಸಾಲು ಬರೆ.

ಬೊಂಬಾಯಿಗೆ ಬರೆಯುವುದಿದ್ದರೆ ಬರೆ. ಎಂಜಿನ್ನಿನ ಹೊಟ್ಟೆಯನ್ನು ಬೆಸೆಯಬಹುದು. ಬೆಂಗಳೂರಿನಲ್ಲಿ ಚೆನ್ನಾಗಿ ಬೆಸೆಯುವವನೊಬ್ಬನ ಗುರುತು ಈ ಜೊತೆಯ ಚೀಟಿಯಲ್ಲಿದೆ. ಪಂಪು ಕೂರಿಸಲು ದೊಡ್ಡಬಳ್ಳಾಪುರದಲ್ಲೇ ಜವರಪ್ಪ ಎಂಬವನಿದ್ದಾನೆ. ನನ್ನ ಜೊತೆ ಪಟಾಲಮ್ಮಿನಲ್ಲಿದ್ದವನು, ಒಳ್ಳೆಯ ಕೆಲಸಗಾರ. ನಾನು ಹೇಳಿದೆ ಎಂದು ಹೇಳು.

ಬಾ ಎಂದು ಎರಡು ಸಲ ಬರೆದಿದ್ದೀಯ. ನಾನು ಬರುವುದಿಲ್ಲ ಕಣೋ. ಕೋಪವಿಲ್ಲ, ಅದು ಇದ್ದದ್ದು ಕಾರ್ಡು ಓದಿಸಿದ ದಿನವೇ ಹೋಯಿತು. ಊರಿನವರ ಮುಖವನ್ನು ನಾನು ನೋಡಬಲ್ಲೆ, ಅವರಿಗೆ ನಾಚಿಕೆ ಎರಡು ದಿನ ಇದ್ದರೆ ಹೆಚ್ಚು. ನೀನು ಹಾಗಲ್ಲ, ನಿನ್ನನ್ನು ನಾಲ್ಕನೇ ಕ್ಲಾಸಿನಿಂದ ಬಲ್ಲೆ. ನಾನು ಅಲ್ಲಿದ್ದರೆ ದಿನ ಬೆಳಗಾದರೆ ನನ್ನ ಸುಟ್ಟ ಕೈಯನ್ನು ಕಂಡು ನೀನು ನೆಲ ನೋಡುತ್ತೀಯ. ನೀನು ನೆಲ ನೋಡಿಕೊಂಡು ನಿಂತಿರುವಾಗ ನಿನ್ನ ಪಕ್ಕದಲ್ಲೇ ಕೂತು ಕೆಲಸ ಮಾಡುವುದು ನನ್ನಿಂದಾಗದು.

ಆಂಜಿನಪ್ಪ